ಪ್ಯಾಕೇಜ್ ಕಟ್ಟುವಾಗ ಫೈಲ್ ಯಾರ ಹೆಸರಲ್ಲಿದೆ?

"ಚೌನ್: ಆಪರೇಷನ್ ನಾಟ್ ಪರ್ಮಿಟೆಡ್." ಕಲಬುರಗಿಯ ಕಾಲೇಜುಗಳಲ್ಲಿ ಲಿನಕ್ಸ್ ಹಿಡಿದು ಕೆಲಸ ಮಾಡುವ ಹುಡುಗ ಹುಡುಗಿಯರು ನನಗೆ ಕಳಿಸುವ ಸ್ಕ್ರೀನ್‌ಶಾಟ್‌ಗಳಲ್ಲಿ ಈ ಸಾಲೇ ಜಾಸ್ತಿ. ಚೌನ್ ಅಂದರೆ ಫೈಲಿನ ಮಾಲೀಕರನ್ನು ಬದಲಿಸುವ ಕಮಾಂಡ್; ಆ ಕೆಲಸಕ್ಕೆ ನಿಮಗೆ ಅವಕಾಶ ಇಲ್ಲ ಅನ್ನುತ್ತಿದೆ. ಪ್ರೋಗ್ರಾಂ ಬರೆದಾಗಿದೆ, ಚೆನ್ನಾಗಿ ಓಡುತ್ತಲೂ ಇದೆ. ಅದನ್ನು ಪ್ಯಾಕೇಜ್ ಮಾಡಿ, ಅಂದರೆ ಇನ್‌ಸ್ಟಾಲ್ ಮಾಡಬಹುದಾದ ಒಂದೇ ಫೈಲಾಗಿ ಕಟ್ಟಿ, ಬೇರೆಯವರ ಕಂಪ್ಯೂಟರ್‌ಗೆ ಹಾಕಬೇಕು ಅಂದಾಗ ಈ ಎರರ್ ಅಡ್ಡ ಬರುತ್ತದೆ. "ಸರ, ಫೈಲ್ ನಂದೇ ಅದ, ಡೈರೆಕ್ಟರಿನೂ ನಂದೇ ಅದ, ಆದ್ರೂ ಬಿಡವಲ್ದು, ಯಾಕ್ರಿ?" ಅಂತ ಕೇಳುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರು "ಸುಡೊ ಹಚ್ಚು" ಅಂದಾಗಿರುತ್ತದೆ.

ಸುಡೊ ಅಂದರೆ ಒಂದು ಕಮಾಂಡನ್ನು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, ಓಡಿಸುವುದು. ಅದನ್ನು ಹಚ್ಚಿದರೆ ಎರರ್ ಹೋಗುತ್ತದೆ. ಆದರೆ ತೊಂದರೆ ಇನ್ನೊಂದು ಕಡೆ ತಲೆ ಎತ್ತುತ್ತದೆ. ನಾಳೆ ಅದೇ ಡೈರೆಕ್ಟರಿಯಲ್ಲಿ ಕಂಪೈಲ್ ಆಗುವುದಿಲ್ಲ. ಇಲ್ಲವೇ ಪ್ಯಾಕೇಜ್ ಹಾಕಿಸಿಕೊಂಡವರ ಕಂಪ್ಯೂಟರ್‌ನಲ್ಲಿ ಫೈಲುಗಳು ಸಂಬಂಧವೇ ಇಲ್ಲದವರ ಹೆಸರಿಗೆ ಹೋಗಿ ಕೂರುತ್ತವೆ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಪ್ಯಾಕೇಜ್ ಕಟ್ಟುವುದಕ್ಕೆ ರೂಟ್ ಆಗುವ ಅಗತ್ಯವೇ ಇಲ್ಲ. "ಈ ಫೈಲ್ ರೂಟ್ ಹೆಸರಲ್ಲಿರಲಿ" ಅನ್ನುವುದು ಪ್ಯಾಕೇಜ್ ಒಳಗೆ ಬರೆಯುವ ಒಂದು ದಾಖಲೆ. ಆ ದಾಖಲೆಯನ್ನು ಮಾಮೂಲಿ ಯೂಸರ್ ಆಗಿಯೇ ಬರೆಯಬಹುದು.

ಫೈಲಿನ ಮೇಲಿರುವುದು ನಂಬರ್

ಲಿನಕ್ಸ್ ಸೇರಿದ ಯೂನಿಕ್ಸ್ ಕುಟುಂಬದಲ್ಲಿ ಪ್ರತಿ ಫೈಲಿಗೂ ಒಂದು ಐನೋಡ್ ಇರುತ್ತದೆ. ಫೈಲಿನ ಗಾತ್ರ, ತಾರೀಖು, ಅನುಮತಿ ಎಲ್ಲ ಅದರಲ್ಲೇ. ಮಾಲೀಕರ ವಿವರವೂ ಅಲ್ಲೇ ಇರುತ್ತದೆ, ಎರಡು ನಂಬರ್‌ಗಳಾಗಿ: ಒಂದು ಯೂಸರ್ ಐಡಿ, ಇನ್ನೊಂದು ಗ್ರೂಪ್ ಐಡಿ. ಹೆಸರು ಅಲ್ಲಿ ಇರುವುದೇ ಇಲ್ಲ. ನೀವು ಎಲ್ಎಸ್ -ಎಲ್ ಕೊಟ್ಟಾಗ ಅದು ಆ ನಂಬರ್ ಹಿಡಿದು, /ಇಟಿಸಿ ಒಳಗಿನ ಪಾಸ್‌ವರ್ಡ್ ಫೈಲು ಮತ್ತು ಗ್ರೂಪ್ ಫೈಲಿನಲ್ಲಿ ಹೆಸರು ಹುಡುಕಿ ತೋರಿಸುತ್ತದೆ. ಹೆಸರು ಸಿಗದಿದ್ದರೆ ಬರೀ ನಂಬರ್ ತೋರಿಸುತ್ತದೆ. ನಿಜವಾಗಿ ಏನಿದೆ ಅಂತ ನೋಡಬೇಕಾದರೆ ಎಲ್ಎಸ್ -ಎಲ್ಎನ್ ಕೊಡಿ. ಮಾಲೀಕತ್ವದ ತೊಂದರೆ ಹುಡುಕುವಾಗ ನಾನು -ಎಲ್ ಬಿಟ್ಟು -ಎಲ್ಎನ್ ಅನ್ನೇ ಬಳಸುತ್ತೇನೆ. ಹೆಸರು ದಾರಿ ತಪ್ಪಿಸಬಹುದು, ನಂಬರ್ ತಪ್ಪಿಸುವುದಿಲ್ಲ.

ರೂಟ್‌ನ ನಂಬರ್ ಎಲ್ಲ ಕಡೆ 0. ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಹುಟ್ಟುವ ಮೊದಲ ಯೂಸರ್‌ಗೆ 1000 ಸಿಗುತ್ತದೆ. ಕಲಬುರಗಿಯಲ್ಲಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೀವು 1000. ಬೀದರಿನ ಕಂಪ್ಯೂಟರ್ ಅಂಗಡಿಯವರ ಯಂತ್ರದಲ್ಲಿ ಅವರು 1000. ಯಾದಗಿರಿಯಲ್ಲಿ ಇನ್ಯಾರೋ 1000. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆ ಪ್ರಶ್ನೆಗೆ ಬರೋಣ. ಫೈಲ್ ನನ್ನದೇ, ಆದರೂ ಬೇರೆಯವರ ಹೆಸರಿಗೆ ಮಾಡಲು ಯಾಕೆ ಬಿಡುವುದಿಲ್ಲ? ನಮ್ಮ ಕಡೆ ಹೊಲ ನಿಮ್ಮದೇ ಆದರೂ ಪಹಣಿಯಲ್ಲಿ ಹೆಸರನ್ನು ನೀವೇ ತಿದ್ದುವಂತಿಲ್ಲ, ಅಲ್ವಾ? ಮುಟೇಶನ್ ಆಗಬೇಕು, ಅದು ಕಚೇರಿಯ ಕೆಲಸ. ಇಲ್ಲೂ ಹಾಗೆಯೇ: ಮಾಲೀಕರನ್ನು ಬದಲಿಸುವ ಚೌನ್ ಕಮಾಂಡನ್ನು ಫೈಲಿನ ಮಾಲೀಕರೂ ಬಳಸುವಂತಿಲ್ಲ, ರೂಟ್ ಮಾತ್ರ ಬಳಸಬೇಕು. ಹಳೆಯ ಸಿಸ್ಟಂ ಫೈವ್ ಯೂನಿಕ್ಸ್‌ನಲ್ಲಿ ತಮ್ಮ ಫೈಲನ್ನು ಬೇರೆಯವರಿಗೆ ದಾಟಿಸಲು ಅವಕಾಶ ಇತ್ತು. ಯೂನಿಕ್ಸ್‌ನ ಇನ್ನೊಂದು ಶಾಖೆ ಬಿಎಸ್‌ಡಿ ಅದನ್ನು ನಿಲ್ಲಿಸಿತು. ಒಬ್ಬೊಬ್ಬರಿಗೆ ಇಷ್ಟೇ ಜಾಗ ಅನ್ನುವ ಡಿಸ್ಕ್ ಕೋಟಾ ಇರುವ ಕಡೆ, ದೊಡ್ಡ ಫೈಲುಗಳನ್ನು ಪಕ್ಕದವರ ಹೆಸರಿಗೆ ಹಾಕಿ ತಾನು ಆರಾಮಾಗಿರಲು ದಾರಿ ಸಿಕ್ಕಂತಾಗುತ್ತಿತ್ತು. ಲಿನಕ್ಸ್ ಕೂಡ ಬಿಎಸ್‌ಡಿಯ ದಾರಿಯನ್ನೇ ಹಿಡಿದಿದೆ. ಗ್ರೂಪ್ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ: ನೀವು ಸದಸ್ಯರಾಗಿರುವ ಗ್ರೂಪಿಗೆ ನಿಮ್ಮ ಫೈಲನ್ನು ನೀವೇ ಬದಲಿಸಬಹುದು.

ಎರಡು ಎರರ್, ಎರಡು ಅರ್ಥ

ತೊಂದರೆ ಬಂದಾಗ ಜನ ಎರರ್ ಸಾಲನ್ನು ಪೂರ್ತಿ ಓದುವುದಿಲ್ಲ. "ಪರ್ಮಿಷನ್ ಪ್ರಾಬ್ಲಮ್" ಅಂದುಬಿಡುತ್ತಾರೆ. ಆದರೆ ಯೂನಿಕ್ಸ್ ಇಲ್ಲಿ ಎರಡು ಬೇರೆ ಬೇರೆ ಮಾತು ಹೇಳುತ್ತದೆ. ಯಾವುದು ಬಂತು ಅನ್ನುವುದರ ಮೇಲೆ ಹುಡುಕುವ ದಾರಿಯೇ ಬದಲಾಗುತ್ತದೆ.

"ಪರ್ಮಿಷನ್ ಡಿನೈಡ್" ಅಂದರೆ ಫೈಲಿನ ಅಥವಾ ಡೈರೆಕ್ಟರಿಯ ಅನುಮತಿ ನಿಮ್ಮನ್ನು ತಡೆಯಿತು. ಓದುವ, ಬರೆಯುವ ಅಥವಾ ಒಳಗೆ ಹೋಗುವ ಹಕ್ಕು ನಿಮಗೆ ಇಲ್ಲ. ಬೇರೆ ಯೂಸರ್ ಆಗಿದ್ದರೆ ಇದೇ ಕೆಲಸ ನಡೆಯುತ್ತಿತ್ತು.

"ಆಪರೇಷನ್ ನಾಟ್ ಪರ್ಮಿಟೆಡ್" ಅಂದರೆ ಆ ಕೆಲಸವೇ ನಿಮ್ಮ ಅಧಿಕಾರಕ್ಕೆ ಮೀರಿದ್ದು. ಅನುಮತಿ 777 ಇದ್ದರೂ, ಅಂದರೆ ಎಲ್ಲರಿಗೂ ಎಲ್ಲ ಹಕ್ಕು ಇದ್ದರೂ, ಇದು ಬರುತ್ತದೆ. ಮಾಮೂಲಿ ಯೂಸರ್ ಆಗಿ ಚೌನ್ ಮಾಡಿದರೆ ಇದು. ಅನುಮತಿ ಬದಲಿಸುವ ಚ್‌ಮಾಡ್ ಕಮಾಂಡನ್ನು ಬೇರೆಯವರ ಫೈಲಿಗೆ ಕೊಟ್ಟರೂ ಇದೇ. /ಟಿಎಂಪಿಯಲ್ಲಿ ಬೇರೆಯವರ ಫೈಲ್ ಅಳಿಸಲು ಹೋದರೂ ಇದೇ, ಯಾಕೆಂದರೆ ಆ ಡೈರೆಕ್ಟರಿಗೆ ಸ್ಟಿಕಿ ಬಿಟ್, ಅಂದರೆ ಒಬ್ಬರ ಫೈಲನ್ನು ಬೇರೆಯವರು ಅಳಿಸದಂತೆ ತಡೆಯುವ ಗುರುತು, ಇದೆ. ಹಾಗಾಗಿ ಈ ಎರರ್ ಬಂದಾಗ ಚ್‌ಮಾಡ್ 777 ಹೊಡೆಯುವುದರಿಂದ ಏನೂ ಉಪಯೋಗ ಇಲ್ಲ. ಬೇರೆಯವರಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ, ನಿಮ್ಮ ಕೆಲಸ ಮಾತ್ರ ಆಗುವುದಿಲ್ಲ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಫೈಲ್ ಅಳಿಸಲು ಫೈಲಿನ ಮಾಲೀಕರೇ ಆಗಬೇಕಿಲ್ಲ. ಅದು ಇರುವ ಡೈರೆಕ್ಟರಿಗೆ ಬರೆಯುವ ಹಕ್ಕು ಇದ್ದರೆ ಸಾಕು, ಸ್ಟಿಕಿ ಬಿಟ್ ಇರಬಾರದು ಅಷ್ಟೆ. ನಿಮ್ಮ ಡೈರೆಕ್ಟರಿಯಲ್ಲಿ ರೂಟ್ ಹೆಸರಿನ ಒಂದು ಫೈಲ್ ಬಿದ್ದಿದ್ದರೆ, ಅಳಿಸುವ ಆರ್‌ಎಂ ಕಮಾಂಡ್ ಒಂದು ಸಲ ಖಾತ್ರಿ ಕೇಳಿ ಅಳಿಸುತ್ತದೆ. ಆದರೆ ರೂಟ್ ಹೆಸರಿನ ಡೈರೆಕ್ಟರಿ ಇದ್ದು ಅದರೊಳಗೆ ಫೈಲ್ ಇದ್ದರೆ ಕೈ ಹಾಕಲು ಆಗುವುದಿಲ್ಲ. ಕಂಪೈಲ್ ಮಾಡಿದ್ದನ್ನು ಅಳಿಸುವ ಮೇಕ್ ಕ್ಲೀನ್ ಕೆಲವು ಫೈಲ್ ಅಳಿಸಿ ಕೆಲವಕ್ಕೆ ಎರರ್ ಕೊಡುತ್ತದಲ್ಲ, ಅದರ ಕಾರಣ ಇದೇ. ಇಂಥ ಕಡೆ ನೇಮ್‌ಐ -ಎಲ್ ಕಮಾಂಡಿಗೆ ಫೈಲಿನ ಪೂರ್ತಿ ಪಾತ್ ಕೊಡಿ. ಎಲ್ಲಕ್ಕಿಂತ ಮೇಲಿನ / ಡೈರೆಕ್ಟರಿಯಿಂದ ಆ ಫೈಲಿನವರೆಗೆ ಪ್ರತಿ ಮೆಟ್ಟಿಲಿನ ಮಾಲೀಕ ಮತ್ತು ಅನುಮತಿಯನ್ನು ಒಂದರ ಕೆಳಗೆ ಒಂದು ತೋರಿಸುತ್ತದೆ. ಎಲ್ಲಿ ಸಿಕ್ಕಿಬಿದ್ದಿದೆ ಅಂತ ಕಣ್ಣಿಗೆ ಹೊಡೆಯುತ್ತದೆ. ಇಷ್ಟು ಉಪಯೋಗದ ಕಮಾಂಡ್ ಯಾವ ಪ್ರಾಕ್ಟಿಕಲ್ ರೆಕಾರ್ಡಿನಲ್ಲೂ ಇರುವುದಿಲ್ಲ ಅನ್ನುವುದು ನನ್ನ ಬೇಸರ.

ದಾಲ್‌ಮಿಲ್ಲಿನ ಕಂಪ್ಯೂಟರ್‌ನಲ್ಲಿ ಆದದ್ದು

ಕಲಬುರಗಿ ತೊಗರಿಯ ನಾಡು, ದಾಲ್‌ಮಿಲ್ಲುಗಳ ಊರು. ಶಹಾಪುರದ ಕಡೆಯ ಒಬ್ಬ ಹುಡುಗ ಇಲ್ಲಿನ ಒಂದು ಮಿಲ್ಲಿಗೆ ಚೀಲ, ಕ್ವಿಂಟಲ್, ದರದ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂ ಬರೆದ. ತೂಕಲೆಕ್ಕ ಅಂತ ಹೆಸರಿಟ್ಟ. ಉಬುಂಟು, ಡೆಬಿಯನ್‌ಗಳು ಬಳಸುವ ಡೆಬ್ ಅನ್ನುವ ರೂಪದಲ್ಲಿ ಪ್ಯಾಕೇಜ್ ಮಾಡಿದ. ಡೈರೆಕ್ಟರಿಯೊಂದರಲ್ಲಿ ಯುಎಸ್ಆರ್, ಅದರೊಳಗೆ ಬಿನ್ ಅಂತ ಜೋಡಿಸಿ, ಪ್ರೋಗ್ರಾಂ ಇಟ್ಟು, ಡೆಬ್ ಕಟ್ಟುವ ಡಿಪಿಕೆಜಿ-ಡೆಬ್ --ಬಿಲ್ಡ್ ಕೊಟ್ಟ. ಎರರ್ ಏನೂ ಬರಲಿಲ್ಲ. ಮಿಲ್ಲಿನ ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಕೂಡ ಆಯಿತು, ಓಡಿತು.

ಎರರ್ ಬರದೆ ಇರುವ ಇಂಥ ತಪ್ಪುಗಳೇ ಜಾಸ್ತಿ ಅಪಾಯ. ಡೆಬ್ ಒಳಗೆ ಪ್ರೋಗ್ರಾಂನ ಫೈಲುಗಳು ಇರುವುದು ಒಂದು ಟಾರ್ ಕಟ್ಟಿನಲ್ಲಿ, ಅಂದರೆ ಹಲವು ಫೈಲುಗಳನ್ನು ಒಂದೇ ಫೈಲಾಗಿ ಸೇರಿಸಿದ ಕಟ್ಟಿನಲ್ಲಿ. ಟಾರ್ ಪ್ರತಿ ಫೈಲಿನ ತಲೆಯಲ್ಲಿ ಮಾಲೀಕರ ನಂಬರ್, ಹೆಸರು ಎರಡನ್ನೂ ಬರೆದಿಡುತ್ತದೆ. ಹುಡುಗ ತನ್ನ ಯೂಸರ್ ಆಗಿ ಕಟ್ಟಿದ್ದರಿಂದ ಅವನ ಹೆಸರು, 1000 ಅನ್ನುವ ನಂಬರ್ ಹಾಗೇ ಒಳಗೆ ಹೋದವು. ಮಿಲ್ಲಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಡೆಬ್ ಬಿಚ್ಚಿ ಹಾಕುವ ಡಿಪಿಕೆಜಿ ರೂಟ್ ಆಗಿ ಓಡುತ್ತದೆ, ಕಟ್ಟಿನಲ್ಲಿ ಬರೆದ ಮಾಲೀಕತ್ವವನ್ನು ಹಾಗೇ ಜಾರಿ ಮಾಡುತ್ತದೆ. ಮೊದಲು ಹೆಸರು ಹುಡುಕುತ್ತದೆ. ಆ ಹೆಸರಿನವರು ಅಲ್ಲಿ ಇಲ್ಲ. ಆಗ ನಂಬರ್ ಹಿಡಿಯುತ್ತದೆ. ಮಿಲ್ಲಿನ ಕಂಪ್ಯೂಟರ್‌ನಲ್ಲಿ 1000 ಯಾರು? ಮುನೀಮರು. ಅಲ್ಲಿಗೆ /ಯುಎಸ್ಆರ್/ಬಿನ್ ಒಳಗಿನ ಲೆಕ್ಕದ ಪ್ರೋಗ್ರಾಂ ಮುನೀಮರ ಹೆಸರಿಗೆ ಆಯಿತು. ಅವರು ಒಳ್ಳೆಯವರೇ. ಆದರೆ ಅವರ ಲಾಗಿನ್ ಬಳಸುವ ಯಾರೇ ಆದರೂ, ಅವರ ಹೆಸರಲ್ಲಿ ಓಡುವ ಯಾವುದೇ ಕೆಟ್ಟ ಪ್ರೋಗ್ರಾಂ ಆದರೂ, ಆ ಫೈಲನ್ನು ಪಾಸ್‌ವರ್ಡ್ ಇಲ್ಲದೆ ತಿದ್ದಬಹುದು. ಆಮೇಲೆ ಮಿಲ್ಲಿನ ಮಾಲೀಕರೋ, ರೂಟೋ ಅದನ್ನು ಓಡಿಸಿದರೆ ತಿದ್ದಿದ್ದೇ ಓಡುತ್ತದೆ.

ಪ್ಯಾಕೇಜ್ ಕೊಡುವ ಮೊದಲು ಡಿಪಿಕೆಜಿ-ಡೆಬ್ --ಕಂಟೆಂಟ್ಸ್ ಕೊಟ್ಟು ನೋಡಿದ್ದರೆ ಇದು ಗೊತ್ತಾಗುತ್ತಿತ್ತು. ಪ್ರತಿ ಸಾಲಿನಲ್ಲಿ ಅನುಮತಿಯ ಅಕ್ಷರಗಳ ಪಕ್ಕದಲ್ಲೇ ಮಾಲೀಕ, ಗ್ರೂಪ್ ಬರುತ್ತವೆ. ಅಲ್ಲಿ ರೂಟ್/ರೂಟ್ ಅಂತ ಇರಬೇಕು. ನಿಮ್ಮ ಹೆಸರು ಕಂಡರೆ ಆ ಡೆಬ್ ಯಾರಿಗೂ ಕೊಡಬೇಡಿ. ಬರೀ ಟಾರ್ ಆದರೆ ಟಾರ್ -ಟಿವಿಎಫ್, ಫೆಡೋರಾ ಥರದವುಗಳ ಆರ್‌ಪಿಎಂ ಪ್ಯಾಕೇಜ್ ಆದರೆ ಆರ್‌ಪಿಎಂ -ಕ್ಯೂಎಲ್‌ವಿಪಿ. ಒಂದು ನಿಮಿಷದ ಕೆಲಸ.

ಟಾರ್ ಫೈಲನ್ನು ಸುಡೊ ಹಾಕಿ ನೇರವಾಗಿ / ಮೇಲೆ ಬಿಚ್ಚುವ ರೂಢಿ ಕೆಲವರಿಗೆ ಇದೆ. ಅದು ಇನ್ನೂ ಅಪಾಯ. ಗ್ನೂ ಟಾರ್ ಅನ್ನು ಮಾಮೂಲಿ ಯೂಸರ್ ಆಗಿ ಬಿಚ್ಚಿದರೆ ಫೈಲುಗಳು ನಿಮ್ಮ ಹೆಸರಿಗೆ ಬರುತ್ತವೆ. ರೂಟ್ ಆಗಿ ಬಿಚ್ಚಿದರೆ ಕಟ್ಟಿನಲ್ಲಿ ಬರೆದ ಮಾಲೀಕರ ಹೆಸರಿಗೆ ಹೋಗುತ್ತವೆ. ಅಷ್ಟೇ ಅಲ್ಲ, ಮೊದಲೇ ಇರುವ ಡೈರೆಕ್ಟರಿಗಳ ಮಾಲೀಕತ್ವವನ್ನೂ ಕಟ್ಟಿನಲ್ಲಿರುವಂತೆ ಬದಲಿಸಿಬಿಡುತ್ತದೆ. ಕಟ್ಟಿನಲ್ಲಿ ಯುಎಸ್ಆರ್ ಡೈರೆಕ್ಟರಿ 1000ರ ಹೆಸರಲ್ಲಿದ್ದರೆ, ಇಡೀ ಯಂತ್ರದ /ಯುಎಸ್ಆರ್ ಡೈರೆಕ್ಟರಿ 1000ರ ಹೆಸರಿಗೆ ಹೋಗುತ್ತದೆ. ಡಿಪಿಕೆಜಿ ಮೊದಲೇ ಇರುವ ಡೈರೆಕ್ಟರಿಗಳನ್ನು ಹೀಗೆ ಮುಟ್ಟುವುದಿಲ್ಲ. ಪ್ಯಾಕೇಜ್ ಮಾಡಿ ಕೊಡಿ ಅಂತ ನಾನು ಒತ್ತಾಯ ಮಾಡುವುದಕ್ಕೆ ಇದೂ ಒಂದು ಕಾರಣ.

ರೂಟ್ ಆಗದೆ ರೂಟ್ ಹೆಸರು ಬರೆಯುವುದು

ಪ್ಯಾಕೇಜ್ ಹುಟ್ಟುವುದರಲ್ಲಿ ನಾಲ್ಕು ಹಂತ ಇವೆ: ಕಂಪೈಲ್, ಒಂದು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಜೋಡಣೆ, ಕಟ್ಟುವುದು, ಇನ್ನೊಂದು ಯಂತ್ರದಲ್ಲಿ ಬಿಚ್ಚುವುದು. ರೂಟ್ ಬೇಕಾಗುವುದು ಕೊನೆಯ ಹಂತಕ್ಕೆ ಮಾತ್ರ.

ಜೋಡಣೆಗೆ ಡೆಸ್ಟ್‌ಡಿರ್ ಅನ್ನುವ ವೇರಿಯಬಲ್ ಇದೆ. ಫೈಲುಗಳನ್ನು ಅವುಗಳ ಜಾಗಕ್ಕೆ ಹಾಕುವ ಮೇಕ್ ಇನ್‌ಸ್ಟಾಲ್ ಜೊತೆ ಅದಕ್ಕೆ ನಿಮ್ಮದೇ ಒಂದು ಡೈರೆಕ್ಟರಿಯ ಪಾತ್ ಕೊಟ್ಟರೆ, /ಯುಎಸ್ಆರ್/ಬಿನ್‌ಗೆ ಹೋಗಬೇಕಾದದ್ದು ಆ ಡೈರೆಕ್ಟರಿಯ ಒಳಗಿನ ಯುಎಸ್ಆರ್/ಬಿನ್‌ಗೆ ಹೋಗುತ್ತದೆ. ಸಿಸ್ಟಂ ಮುಟ್ಟುವುದೇ ಇಲ್ಲ. ಪ್ರಿಫಿಕ್ಸ್ ಬೇರೆ, ಇದು ಬೇರೆ. ಪ್ರಿಫಿಕ್ಸ್ ಅನ್ನುವುದು ಪ್ರೋಗ್ರಾಂ ಕೊನೆಗೆ ಎಲ್ಲಿ ಇರುತ್ತದೆ ಅನ್ನುವ ವಿಳಾಸ, ಅದು ಕಂಪೈಲ್ ಆದ ಬೈನರಿಯ ಒಳಗೂ ಸೇರಿಕೊಳ್ಳಬಹುದು. ಡೆಸ್ಟ್‌ಡಿರ್ ಬರೀ ತಾತ್ಕಾಲಿಕ ಜಾಗ. ಮೇಕ್‌ಗೆ ಸೂಚನೆ ಕೊಡುವ ಮೇಕ್‌ಫೈಲ್ ನೀವೇ ಬರೆಯುತ್ತಿದ್ದರೆ ಇನ್‌ಸ್ಟಾಲ್ ಸಾಲುಗಳಲ್ಲಿ ಪಾತ್ ಮುಂದೆ ಡೆಸ್ಟ್‌ಡಿರ್ ಸೇರಿಸಿ.

ಇಷ್ಟಾದ ಮೇಲೂ ಚೌನ್ ಎರರ್ ಬಂದರೆ ಮೇಕ್‌ಫೈಲ್ ತೆರೆದು ನೋಡಿ. ಹೆಚ್ಚಾಗಿ ಇನ್‌ಸ್ಟಾಲ್ ಕಮಾಂಡಿಗೆ -ಒ ರೂಟ್ -ಜಿ ರೂಟ್ ಅಂತ ಕೊಟ್ಟಿರುತ್ತಾರೆ. ಒಳಗೆ ಅದು ಚೌನ್ ಮಾಡುತ್ತದೆ, ಮಾಮೂಲಿ ಯೂಸರ್‌ಗೆ ಅದು ಆಗುವುದಿಲ್ಲ. ನಿಮ್ಮದೇ ಮೇಕ್‌ಫೈಲ್ ಆದರೆ ಆ ಎರಡು ಆಯ್ಕೆಗಳನ್ನು ತೆಗೆದುಹಾಕಿ, -ಎಂ 755 ಅಥವಾ -ಎಂ 644 ಮಾತ್ರ ಉಳಿಸಿ. ಮಾಲೀಕರ ವಿಷಯವನ್ನು ಕಟ್ಟುವ ಹಂತಕ್ಕೆ ಬಿಡಿ.

ಕಟ್ಟುವ ಹಂತದಲ್ಲಿ ಇದು ಈಗ ತುಂಬಾ ಸುಲಭ. ಡಿಪಿಕೆಜಿ 1.19ರಿಂದ ಈಚೆಗೆ ಡಿಪಿಕೆಜಿ-ಡೆಬ್‌ಗೆ --ರೂಟ್-ಓನರ್-ಗ್ರೂಪ್ ಅನ್ನುವ ಆಯ್ಕೆ ಇದೆ. ಅದನ್ನು ಕೊಟ್ಟರೆ ಫೈಲುಗಳು ಡಿಸ್ಕಿನಲ್ಲಿ ಯಾರದ್ದೇ ಆಗಿರಲಿ, ಕಟ್ಟಿನಲ್ಲಿ ರೂಟ್ ಅಂತಲೇ ಬರೆಯುತ್ತದೆ. ಶಹಾಪುರದ ಹುಡುಗನ ಡೆಬ್ ಸರಿಯಾದದ್ದು ಈ ಒಂದೇ ಆಯ್ಕೆಯಿಂದ. ಟಾರ್‌ನಲ್ಲೂ --ಓನರ್=ರೂಟ್ --ಗ್ರೂಪ್=ರೂಟ್ ಅಂತ ಕೊಡಬಹುದು. ಆರ್‌ಪಿಎಂನಲ್ಲಿ ಪ್ಯಾಕೇಜ್ ಕಟ್ಟುವ ಸೂಚನೆಗಳಿರುವ ಸ್ಪೆಕ್ ಫೈಲಿನ ಫೈಲ್ಸ್ ಭಾಗದಲ್ಲಿ ಡೆಫ್‌ಆಟರ್, ಆಟರ್ ಅನ್ನುವ ಸೂಚನೆಗಳಿವೆ. ಅಲ್ಲಿ ಬರೆದ ಮಾಲೀಕರ ಹೆಸರು ಪ್ಯಾಕೇಜಿಗೆ ಹೋಗುತ್ತದೆ.

ಆರ್‌ಪಿಎಂ ನಂಬರ್ ಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆ ಹೆಸರು ಇನ್‌ಸ್ಟಾಲ್ ಮಾಡುವ ಯಂತ್ರದಲ್ಲಿ ಇಲ್ಲದಿದ್ದರೆ "ಯೂಸರ್ ಇಲ್ಲ, ರೂಟ್ ಬಳಸುತ್ತಿದ್ದೇನೆ" ಅನ್ನುವ ಅರ್ಥದ ವಾರ್ನಿಂಗ್ ಕೊಟ್ಟು ರೂಟ್ ಹೆಸರಿಗೆ ಹಾಕುತ್ತದೆ. ಫೆಡೋರಾದ ಸೋರ್ಸ್ ಆರ್‌ಪಿಎಂ ಬಿಚ್ಚುವಾಗ ಮಾಕ್‌ಬಿಲ್ಡ್ ಅನ್ನುವ ಯೂಸರ್ ಇಲ್ಲ ಅಂತ ಸಾಲು ಸಾಲಾಗಿ ಬರುವುದು ಇದೇ. ಅದಕ್ಕೆ ಹೆದರಬೇಕಿಲ್ಲ. ಆದರೆ ನೀವು ಕಟ್ಟಿದ ಬೈನರಿ ಪ್ಯಾಕೇಜ್ ಹಾಕುವಾಗ ಅದೇ ವಾರ್ನಿಂಗ್ ನಿಮ್ಮ ಲಾಗಿನ್ ಹೆಸರು ಹಿಡಿದು ಬಂದರೆ ಸ್ಪೆಕ್ ಫೈಲ್ ತಿದ್ದಬೇಕು.

ಫೇಕ್‌ರೂಟ್ ಹೇಗೆ ಕೆಲಸ ಮಾಡುತ್ತದೆ

ಬೇರೆಯವರ ಮೇಕ್‌ಫೈಲ್, ತುಂಬಾ ದೊಡ್ಡದು, ಒಳಗೆ ಎಲ್ಲಾ ಕಡೆ ಚೌನ್ ಇದೆ. ತಿದ್ದುತ್ತಾ ಕೂರಲು ಆಗುವುದಿಲ್ಲ. ಅಂಥ ಕಡೆ, ಪ್ರೋಗ್ರಾಂಗೆ ತಾನು ರೂಟ್ ಅಂತ ನಂಬಿಸುವ ಫೇಕ್‌ರೂಟ್ ಬೇಕು. ಡೆಬಿಯನ್‌ನವರು ಇದನ್ನು ಎಷ್ಟೋ ವರ್ಷ ನಂಬಿಕೊಂಡು ಕೆಲಸ ಮಾಡಿದ್ದಾರೆ. ಆರ್ಚ್ ಲಿನಕ್ಸ್‌ನ ಮೇಕ್‌ಪಿಕೆಜಿ ಇದನ್ನೇ ಬಳಸುತ್ತದೆ. ರೂಟ್ ಆಗಿ ಓಡಿಸಿದರೆ ಮೇಕ್‌ಪಿಕೆಜಿ ಕೆಲಸ ಮಾಡಲು ಒಪ್ಪುವುದೇ ಇಲ್ಲ. ಅದು ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ.

ಫೇಕ್‌ರೂಟ್ ಒಳಗೆ ಪ್ರೋಗ್ರಾಂ ಓಡಿಸಿದಾಗ ಎಲ್‌ಡಿ_ಪ್ರೀಲೋಡ್ ಅನ್ನುವ ವ್ಯವಸ್ಥೆಯಿಂದ ಒಂದು ಲೈಬ್ರರಿ ಮಧ್ಯದಲ್ಲಿ ಬಂದು ನಿಲ್ಲುತ್ತದೆ. ಪ್ರೋಗ್ರಾಂ ಚೌನ್ ಕರೆದಾಗ ಕರ್ನಲ್, ಅಂದರೆ ಸಿಸ್ಟಂನ ತಿರುಳು, ಒಪ್ಪದಿದ್ದರೂ ಆ ಎರರ್ ಪ್ರೋಗ್ರಾಂ ತನಕ ಬರುವುದಿಲ್ಲ. ಆ ಲೈಬ್ರರಿ "ಆಯಿತು" ಅನ್ನುತ್ತದೆ. "ಈ ಐನೋಡ್ ರೂಟ್‌ದು" ಅಂತ ಹಿಂದೆ ಓಡುವ ಫೇಕ್ಡ್ ಅನ್ನುವ ಪ್ರೋಗ್ರಾಂ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಟಾರ್ ಬಂದು "ಈ ಫೈಲ್ ಯಾರದ್ದು?" ಅಂತ ಸ್ಟ್ಯಾಟ್ ಕರೆದರೆ, ಬರೆದಿಟ್ಟದ್ದನ್ನು ನೋಡಿ ರೂಟ್ ಅಂತ ಹೇಳುತ್ತದೆ. ಡಿಸ್ಕಿನಲ್ಲಿ ಫೈಲ್ ನಿಮ್ಮ ಹೆಸರಲ್ಲೇ ಇದೆ. ಕಟ್ಟಿನಲ್ಲಿ ರೂಟ್ ಅಂತ ದಾಖಲಾಯಿತು. ನಮಗೆ ಬೇಕಾದದ್ದು ಅಷ್ಟೇ.

ಇದು ಕೈಕೊಡುವ ಕಡೆಗಳೂ ಇದೇ ವಿವರಣೆಯಲ್ಲಿವೆ. ಒಂದು: ಫೇಕ್ಡ್ ಬರೆದಿಟ್ಟುಕೊಂಡದ್ದು ಆ ಸೆಷನ್ ಮುಗಿದಾಗ ಹೋಗುತ್ತದೆ. ಫೇಕ್‌ರೂಟ್ ಮೇಕ್ ಇನ್‌ಸ್ಟಾಲ್ ಅಂತ ಒಂದು ಸಲ, ಆಮೇಲೆ ಬೇರೆಯಾಗಿ ಡಿಪಿಕೆಜಿ-ಡೆಬ್ ಅಂತ ಒಂದು ಸಲ ಕೊಟ್ಟರೆ, ಎರಡನೆಯದಕ್ಕೆ ಮೊದಲನೆಯದರ ನೆನಪು ಇರುವುದಿಲ್ಲ. "ಫೇಕ್‌ರೂಟ್ ಹಾಕಿದೀನಿ, ಆದ್ರೂ ನನ್ನ ಹೆಸರೇ ಬರ್ಲಾಕತ್ತದ" ಅನ್ನುವವರು ಸುಮಾರು ಎಲ್ಲರೂ ಮಾಡಿರುವುದು ಇದನ್ನೇ. ಎರಡನ್ನೂ ಒಂದೇ ಶೆಲ್ ಸ್ಕ್ರಿಪ್ಟಿನಲ್ಲಿ ಇಟ್ಟು ಆ ಸ್ಕ್ರಿಪ್ಟನ್ನು ಫೇಕ್‌ರೂಟ್‌ನಲ್ಲಿ ಓಡಿಸಿ. ಅಥವಾ -ಎಸ್ ಕೊಟ್ಟು ಫೈಲಿಗೆ ಉಳಿಸಿ, ಮುಂದಿನ ಸಲ -ಐ ಕೊಟ್ಟು ಓದಿಸಿ. ಇನ್ನೊಂದು: ಮಧ್ಯದಲ್ಲಿ ಬಂದು ನಿಲ್ಲುವುದು ಡೈನಾಮಿಕ್ ಲೈಬ್ರರಿ ಬಳಸುವ ಪ್ರೋಗ್ರಾಂಗಳಿಗೆ ಮಾತ್ರ ಸಾಧ್ಯ. ಸ್ಟ್ಯಾಟಿಕ್ ಆಗಿ ಲಿಂಕ್ ಆದವು, ಅಂದರೆ ಲೈಬ್ರರಿಯನ್ನು ತಮ್ಮೊಳಗೇ ಇಟ್ಟುಕೊಂಡವು, ಮತ್ತು ಕರ್ನಲ್ ಅನ್ನು ನೇರವಾಗಿ ಕರೆಯುವ ಗೋ ಭಾಷೆಯ ಪ್ರೋಗ್ರಾಂಗಳು ಫೇಕ್‌ರೂಟ್‌ಗೆ ಸಿಗುವುದಿಲ್ಲ. ಅವು ಚೌನ್ ಮಾಡಿದರೆ ಹಳೆಯ ಎರರ್ ವಾಪಸ್ ಬರುತ್ತದೆ.

ಸೆಟ್‌ಯುಐಡಿ ಬಿಟ್, ಅಂದರೆ ಯಾರು ಓಡಿಸಿದರೂ ಮಾಲೀಕರ ಅಧಿಕಾರದಲ್ಲಿ ಓಡಲಿ ಅನ್ನುವ ಗುರುತು, ಹಚ್ಚುವ ಪ್ರೋಗ್ರಾಂ ಇದ್ದರೆ ಕ್ರಮ ನೋಡಿಕೊಳ್ಳಿ: ಮೊದಲು ಚೌನ್, ಆಮೇಲೆ ಚ್‌ಮಾಡ್. ಓಡಿಸಬಹುದಾದ ಫೈಲಿನ ಮಾಲೀಕರು ಬದಲಾದಾಗ ಲಿನಕ್ಸ್ ಆ ಬಿಟ್ ಅಳಿಸಿಬಿಡುತ್ತದೆ.

ಸರ್ವಿಸ್ ಯೂಸರ್ ಇದ್ದಾಗ

ಎಲ್ಲವೂ ರೂಟ್ ಹೆಸರಲ್ಲೇ ಇರಬೇಕು ಅಂತಲೂ ಇಲ್ಲ. ತೂಕಲೆಕ್ಕ ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಆದರೆ, ಅದಕ್ಕೆ ತನ್ನದೇ ಯೂಸರ್ ಇರುವುದು ಒಳ್ಳೆಯದು. /ವಾರ್/ಲಿಬ್ ಒಳಗಿನ ಅದರ ಡೇಟಾ ಡೈರೆಕ್ಟರಿ ಆ ಯೂಸರ್ ಹೆಸರಲ್ಲಿರಬೇಕು. ಆದರೆ ಆ ಯೂಸರ್‌ಗೆ ಯಾವ ಯಂತ್ರದಲ್ಲಿ ಯಾವ ನಂಬರ್ ಸಿಗುತ್ತದೆ ಅಂತ ಕಟ್ಟುವಾಗ ಗೊತ್ತಿರುವುದಿಲ್ಲ. ಹಾಗಾಗಿ ಡೆಬ್‌ನಲ್ಲಿ ಡೈರೆಕ್ಟರಿಯನ್ನು ರೂಟ್ ಹೆಸರಲ್ಲೇ ಕಟ್ಟಿ. ಇನ್‌ಸ್ಟಾಲ್ ಆದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟಿನಲ್ಲಿ ಆಡ್‌ಯೂಸರ್ --ಸಿಸ್ಟಂ ಕೊಟ್ಟು ಯೂಸರ್ ಹುಟ್ಟಿಸಿ, ಆಮೇಲೆ ಆ ಒಂದು ಡೈರೆಕ್ಟರಿಗೆ ಚೌನ್ ಮಾಡಿ. ಅಲ್ಲಿ -ಆರ್ ಹಾಕಿ ಒಳಗಿನದನ್ನೆಲ್ಲ ಬದಲಿಸುವ ಅಭ್ಯಾಸ ಬೇಡ. ಮುಂದಿನ ಅಪ್‌ಡೇಟ್ ಹೊತ್ತಿಗೆ ಆ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಸರ್ವಿಸ್ ಯೂಸರ್‌ಗೆ ಇರುತ್ತದೆ. ಅಲ್ಲಿ ಒಂದು ಹಾರ್ಡ್‌ಲಿಂಕ್, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು, ಇಟ್ಟು ಸಿಸ್ಟಂನ ಬೇರೆ ಫೈಲನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ದಾರಿಯಾಗುತ್ತದೆ. ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಂಡಿ ಇರುವ ಕಡೆ ಸಿಸ್‌ಯೂಸರ್ಸ್, ಟಿಎಂಪಿಫೈಲ್ಸ್ ಅನ್ನುವ ಸಣ್ಣ ಫೈಲುಗಳಲ್ಲಿ ಇದೇ ಕೆಲಸವನ್ನು ಒಂದೊಂದು ಸಾಲಿನಲ್ಲಿ ಬರೆಯಬಹುದು. ನಾನು ಈಗ ಅದನ್ನೇ ಮಾಡುತ್ತೇನೆ.

ಸುಡೊ ಬಿಟ್ಟು ಹೋದ ಕಸ

ಒಂದು ಸಲ ಸುಡೊ ಮೇಕ್ ಕೊಟ್ಟಿದ್ದರೆ, ಆಗ ಹುಟ್ಟಿದ ಫೈಲುಗಳೆಲ್ಲ ರೂಟ್ ಹೆಸರಲ್ಲಿರುತ್ತವೆ. ಸುಡೊ ಮೇಕ್ ಇನ್‌ಸ್ಟಾಲ್ ಕೂಡ ಹಾಗೇ ಮಾಡಬಹುದು, ಯಾಕೆಂದರೆ ಯಾವುದಾದರೂ ಫೈಲ್ ಹಳೆಯದು ಅನ್ನಿಸಿದರೆ ಮೇಕ್ ಅದನ್ನು ರೂಟ್ ಆಗಿಯೇ ಮತ್ತೆ ಕಂಪೈಲ್ ಮಾಡುತ್ತದೆ. ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್, ಎನ್‌ಪಿಎಂ ಥರದವನ್ನು ಸುಡೊ ಹಾಕಿ ಓಡಿಸಿದರೆ ಮನೆ ಡೈರೆಕ್ಟರಿಯ ಕ್ಯಾಶ್ ಒಳಗೂ ರೂಟ್ ಫೈಲುಗಳು ಸೇರಬಹುದು.

ಪ್ರಾಜೆಕ್ಟ್ ಡೈರೆಕ್ಟರಿಯಲ್ಲಿ ನಿಂತು ಫೈಂಡ್ ಕಮಾಂಡಿಗೆ "ನನ್ನ ಹೆಸರಲ್ಲಿ ಇಲ್ಲದ್ದು ತೋರಿಸು" ಅಂತ ಹೇಳಿ. ಅಂದರೆ ಫೈಂಡ್, ಚುಕ್ಕೆ, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ -ಯೂಸರ್ ಮತ್ತು ನಿಮ್ಮ ಹೆಸರು. ಪಟ್ಟಿ ನೋಡಿ. ಎಲ್ಲ ಈ ಡೈರೆಕ್ಟರಿಯ ಒಳಗೇ ಇವೆ ಅಂತ ಖಾತ್ರಿಯಾದ ಮೇಲೆ ಸುಡೊ ಚೌನ್ -ಆರ್ ಕೊಟ್ಟು ವಾಪಸ್ ನಿಮ್ಮ ಹೆಸರಿಗೆ ತನ್ನಿ. ಇಲ್ಲಿ ಸುಡೊ ಬಳಸುವುದು ಸರಿ, ಕೆಲಸವೇ ಅಂಥದ್ದು.

ಆದರೆ ಪಾತ್ ಬರೆಯುವಾಗ ಎಚ್ಚರ. ಚುಕ್ಕೆಯಿಂದ ಶುರುವಾಗುವ ಫೈಲುಗಳನ್ನು ಹಿಡಿಯಲು ಚುಕ್ಕೆ-ನಕ್ಷತ್ರ ಹಾಕಿದರೆ, ಹಳೆಯ ಬ್ಯಾಶ್‌ನಲ್ಲಿ ಎರಡು ಚುಕ್ಕೆ, ಅಂದರೆ ಮೇಲಿನ ಡೈರೆಕ್ಟರಿಯೂ ಸಿಕ್ಕಿಬಿಡುತ್ತದೆ. ಬ್ಯಾಶ್ 5.2ರಿಂದ ಅದು ನಿಂತಿದೆ. /ಯುಎಸ್ಆರ್ ಮೇಲೆ ಚೌನ್ -ಆರ್ ಹೊಡೆದರಂತೂ ಸುಡೊ ಕೂಡ ಸಾಯುತ್ತದೆ. ತಾನು 0 ನಂಬರಿನ ಹೆಸರಲ್ಲಿರಬೇಕು, ಸೆಟ್‌ಯುಐಡಿ ಬಿಟ್ ಇರಬೇಕು ಅಂತ ಹೇಳಿ ಓಡಲು ಒಪ್ಪುವುದಿಲ್ಲ. ಆಗ ರಿಕವರಿ ಮೋಡ್‌ನಲ್ಲಿ ಬೂಟ್ ಮಾಡಬೇಕು. ಆರ್‌ಪಿಎಂ ಯಂತ್ರವಾದರೆ ಆರ್‌ಪಿಎಂ -ವಿಎ ಯಾವ ಫೈಲಿನ ಮಾಲೀಕರು ಬದಲಾಗಿದ್ದಾರೆ ಅಂತ ಹೇಳುತ್ತದೆ, --ಸೆಟ್‌ಯುಜಿಐಡಿಎಸ್ ವಾಪಸ್ ಸರಿ ಮಾಡುತ್ತದೆ. ಡೆಬಿಯನ್ ಕಡೆ ಫೈಲುಗಳಿಗೆ ಪ್ಯಾಕೇಜ್‌ಗಳನ್ನು ಮತ್ತೆ ಇನ್‌ಸ್ಟಾಲ್ ಮಾಡುವುದೇ ದಾರಿ; ಮೊದಲೇ ಇರುವ ಡೈರೆಕ್ಟರಿಗಳನ್ನು ಡಿಪಿಕೆಜಿ ಮುಟ್ಟದ ಕಾರಣ ಅವನ್ನು ಕೈಯಾರೆ ಸರಿ ಮಾಡಬೇಕು.

ಡಿಸ್ಕೇ ಒಪ್ಪದಿದ್ದಾಗ

ರೂಟ್ ಆಗಿದ್ದರೂ ಚೌನ್ ಆಗದ ಸಂದರ್ಭಗಳಿವೆ. ಕೋಡ್ ಅನ್ನು ಪೆನ್‌ಡ್ರೈವ್‌ನಲ್ಲಿ ತಂದು ಅಲ್ಲೇ ಕಂಪೈಲ್ ಮಾಡುವವರಿಗೆ ಇದು ಆಗುತ್ತದೆ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್. ಅವುಗಳಲ್ಲಿ ಯೂನಿಕ್ಸ್ ಮಾಲೀಕರನ್ನು ಬರೆದಿಡಲು ಜಾಗವೇ ಇಲ್ಲ. ಕಾಣುವ ಮಾಲೀಕರು ಮೌಂಟ್ ಮಾಡುವಾಗ ಹಚ್ಚಿದ್ದು. ಪೆನ್‌ಡ್ರೈವ್‌ನಲ್ಲಿ ಟಾರ್ ಫೈಲ್ ಆಗಿ ತನ್ನಿ, ಮನೆ ಡೈರೆಕ್ಟರಿಯಲ್ಲಿ ಬಿಚ್ಚಿ ಕೆಲಸ ಮಾಡಿ.

ಲ್ಯಾಬಿನಲ್ಲಿ ಮನೆ ಡೈರೆಕ್ಟರಿ ಎನ್‌ಎಫ್‌ಎಸ್ ಸರ್ವರ್ ಮೇಲೆ, ಅಂದರೆ ನೆಟ್‌ವರ್ಕಿನ ಇನ್ನೊಂದು ಯಂತ್ರದಲ್ಲಿ, ಇದ್ದರೆ ಸುಡೊ ಹಾಕಿದಾಗಲೇ "ಪರ್ಮಿಷನ್ ಡಿನೈಡ್" ಬರಬಹುದು. ಸರ್ವರ್‌ನ ರೂಟ್‌ಸ್ಕ್ವಾಶ್ ಅನ್ನುವ ನಿಯಮ ನಿಮ್ಮ ಯಂತ್ರದ ರೂಟ್ ಅನ್ನು ಯಾವ ಹಕ್ಕೂ ಇಲ್ಲದ ಯೂಸರ್ ಆಗಿ ಬದಲಿಸುತ್ತದೆ. ಅಲ್ಲಿ ಸುಡೊಗಿಂತ ನಿಮಗೇ ಜಾಸ್ತಿ ಹಕ್ಕು.

ಡಾಕರ್ ಒಳಗೆ, ಅಂದರೆ ಯಂತ್ರದೊಳಗೇ ಬೇರ್ಪಡಿಸಿದ ಕಂಟೇನರ್‌ನಲ್ಲಿ, ಕಟ್ಟಿದರೆ ಆ ಕಂಟೇನರ್‌ನ ರೂಟ್ ಸಾಮಾನ್ಯವಾಗಿ ಹೊರಗಿನ ರೂಟ್‌ನಂತೆಯೇ 0. ಹಾಗಾಗಿ ಹಂಚಿಕೊಂಡ ಡೈರೆಕ್ಟರಿಯಲ್ಲಿ ರೂಟ್ ಫೈಲುಗಳು ಉಳಿಯುತ್ತವೆ. --ಯೂಸರ್ ಆಯ್ಕೆಗೆ ಐಡಿ -ಯು, ಐಡಿ -ಜಿ ಕೊಡುವ ನಂಬರ್‌ಗಳನ್ನು ಹಾಕಿ. ಡಾಕರ್ ಥರದ್ದೇ ಆದ, ರೂಟ್ ಇಲ್ಲದೆ ಓಡುವ ಪಾಡ್‌ಮ್ಯಾನ್‌ನಲ್ಲಿ 100998 ಥರದ ದೊಡ್ಡ ನಂಬರ್ ಕಂಡರೆ ಅದು ಕಂಟೇನರ್ ಒಳಗಿನ 999. ನಿಮಗೆ ಹಂಚಿಕೊಟ್ಟ ನಂಬರ್‌ಗಳು 100000ರಿಂದ ಶುರುವಾಗುತ್ತಿದ್ದರೆ ಹೀಗೆ ಕಾಣುತ್ತದೆ. ಪಾಡ್‌ಮ್ಯಾನ್ ಅನ್‌ಶೇರ್ ಒಳಗೆ ಹೋಗಿ ಅವನ್ನು ಅಳಿಸಬಹುದು. ಇನ್ನು ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ "ಡ್ಯೂಬಿಯಸ್ ಓನರ್‌ಶಿಪ್" ಅಂತ ನಿಂತರೆ ರೆಪೊಸಿಟರಿಯ ಮಾಲೀಕರು ಬೇರೆ, ಓಡಿಸುತ್ತಿರುವವರು ಬೇರೆ ಅಂತ ಅರ್ಥ. 2022ರಿಂದ ಗಿಟ್ ಇದನ್ನು ಭದ್ರತೆಗಾಗಿ ತಡೆಯುತ್ತದೆ. ಸೇಫ್ ಡೈರೆಕ್ಟರಿ ಪಟ್ಟಿಗೆ ಸೇರಿಸುವ ಮೊದಲು, ಮಾಲೀಕರು ಯಾಕೆ ಬೇರೆಯಾದರು ಅಂತ ನೋಡಿ.

ಕೊಡುವ ಮೊದಲು

ಡೆಬ್ ಕಟ್ಟಿದ ಮೇಲೆ ಅದರ ತಪ್ಪು ಹುಡುಕುವ ಲಿಂಟಿಯನ್ ಓಡಿಸಿ. ಮಾಲೀಕರ ನಂಬರ್ ಎಲ್ಲ ಡೆಬಿಯನ್ ಯಂತ್ರಗಳಿಗೂ ಒಂದೇ ಆಗಿರುವ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಎರರ್ ತೋರಿಸುತ್ತದೆ. ಆಮೇಲೆ ಬೇರೆ ಒಂದು ಯಂತ್ರದಲ್ಲಿ, ಸಾಧ್ಯವಾದರೆ ವರ್ಚುವಲ್ ಮಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ನಿಮ್ಮದೇ ಯಂತ್ರದಲ್ಲಿ ನೋಡಿದರೆ ತಪ್ಪು ಕಾಣುವುದಿಲ್ಲ, 1000 ಅಲ್ಲಿ ನೀವೇ. ಅನಾಥ ಫೈಲ್ ಹುಡುಕಲು ಫೈಂಡ್‌ನಲ್ಲಿ -ನೋಯೂಸರ್ ಇದೆ, ಆದರೆ ಇಲ್ಲಿ ಅದು ಸಾಲದು. ಮಿಲ್ಲಿನ ಕಂಪ್ಯೂಟರ್‌ನಲ್ಲಿ 1000ಕ್ಕೆ ಮುನೀಮರು ಇದ್ದರಲ್ಲ, ಅಂಥದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಫೈಂಡ್ /ಯುಎಸ್ಆರ್ -ಯುಐಡಿ +999 ಅಂತ ಕೊಡಿ. ಯಾವ ಸಾಲೂ ಬರಬಾರದು. ಬಂದರೆ ಆ ಪಾತ್ ಅನ್ನು ಡಿಪಿಕೆಜಿ -ಎಸ್‌ಗೆ, ದೊಡ್ಡ ಎಸ್ ಹಾಕಿ, ಕೊಟ್ಟು ನೋಡಿ. ಅದನ್ನು ತಂದ ಪ್ಯಾಕೇಜ್ ಯಾವುದು ಅಂತ ಹೆಸರು ಹೇಳುತ್ತದೆ.